ಚೌಡವ್ವ ಒಲ್ಲೆ ಅಂದದ್ದು

ಹೊಳಲ್ಕೆರೆ ರಸ್ತೆಯಲ್ಲಿ ದುರ್ಗ ಪಟ್ಟಣ ಮುಗಿಯುವಲ್ಲಿ ಸೀಗೆಗುಡ್ಡ. ನವಿಲು, ಉಡ, ಮೊಲ ಇವೆ ಎಂದು ಅಲ್ಲೊಂದು ಬೋರ್ಡು ನೆಟ್ಟಿದ್ದರು. ಓಬಕ್ಕನಿಗೆ ಅದು ಆಡು ಮೇಯುವ ಜಾಗ. ಗಂಡ ಸತ್ತ ಮೇಲೆ ಅವಳ ಹೊಟ್ಟೆಪಾಡು ನಡೆಯುತ್ತಿದ್ದದ್ದು ಆ ಆಡುಗಳಿಂದಲೇ. ಲೇಔಟ್ ಮಾಡುವ ನಿರಂಜನ್ ಗುಡ್ಡದ ಬುಡದಲ್ಲಿ ಗಡಿಕಲ್ಲು ನೆಡಿಸಿದಾಗ ಅವಳಿಗೆ ಹೊಟ್ಟೆ ಉರಿದದ್ದು ನವಿಲಿಗಾಗಿ ಅಲ್ಲ.

ಹೋರಾಟ ಕಟ್ಟಿದವನು ಬ್ಯಾಂಕಿನ ಪ್ರಸನ್ನಕುಮಾರ್. ಬೆಳಿಗ್ಗೆ ಗುಡ್ಡಕ್ಕೆ ವಾಕಿಂಗ್ ಬರುವವರನ್ನು ಸೇರಿಸಿ ಸಮಿತಿ ಮಾಡಿದ. ಧರಣಿ ಕುಂತರು, ಮಕ್ಕಳ ಕೈಗೆ ನವಿಲಿನ ಚಿತ್ರ ಕೊಟ್ಟು ಮೆರವಣಿಗೆ ಮಾಡಿಸಿದರು, ಪೇಪರಿನವರು ಫೋಟೋ ಹಾಕಿದರು. ಕಲ್ಲುಗಳು ಮಾತ್ರ ನೆಟ್ಟಲ್ಲೇ ಇದ್ದವು. ಆಗ ಸಮಿತಿಯಲ್ಲಿ ಯಾರಿಗೋ ಹೊಳೆಯಿತು: ಗುಡ್ಡದ ಮೇಲೆ ಚೌಡವ್ವನ ಕಲ್ಲಿದೆ. ವರ್ಷಕ್ಕೊಮ್ಮೆ ಅಲ್ಲಿ ಅನ್ನ ಬೇಯಿಸಿ ಪರ ಮಾಡುವ ದಿನ ಚೌಡವ್ವ ಓಬಕ್ಕನ ಮೈಮೇಲೆ ಬರುತ್ತಾಳೆ.

ಪ್ರಸನ್ನಕುಮಾರ್ ಅವಳ ಮನೆಗೆ ಬಂದು ಸುತ್ತಿ ಬಳಸಿ ಮಾತಾಡಿದ. ವಿಜ್ಞಾನ ಓದಿದವನಿಗೆ ನಾಚಿಕೆಯಾಗುತ್ತಿತ್ತು.

"ಅಮ್ಮ ಬಂದಾಗ, ಗುಡ್ಡ ಮುಟ್ಟಬ್ಯಾಡ್ರಿ ಅಂತ ಒಂದು ಮಾತು ಬಂದ್ರೆ ಸಾಕು ಓಬಕ್ಕ."

"ಬರೋಳು ನಾನೇನಪ್ಪ? ಅವ್ಳು ಬರ್ಬೇಕು."

"ಬರದಿದ್ರೆ?"

ಆಡುಗಳಿಗೆ ಬೇರೆ ದಿಕ್ಕಿರಲಿಲ್ಲ. ಓಬಕ್ಕ ಒಪ್ಪಿದಳು.

ಆ ವರ್ಷ ಪರಕ್ಕೆ ಎಂದೂ ಬಾರದವರೂ ಬಂದರು. ನಿರಂಜನ್ ಹಣ್ಣುಕಾಯಿ ಹಿಡಿದು ಮುಂದೆಯೇ ನಿಂತ. ಉರುಮೆ ಬಡಿದರು, ಲೋಬಾನ ಹಾಕಿದರು. ಚೌಡವ್ವ ಬರಲಿಲ್ಲ. ಅವಳು ಬರುವಾಗ ಓಬಕ್ಕನಿಗೆ ಮೊದಲು ಅಂಗಾಲು ತಣ್ಣಗಾಗುತ್ತಿತ್ತು, ಆಮೇಲಿನದು ಒಂದೂ ನೆನಪಿರುತ್ತಿರಲಿಲ್ಲ. ಈಗ ಎಲ್ಲ ಕಾಣುತ್ತಿತ್ತು, ಪ್ರಸನ್ನಕುಮಾರ್ ಮೊಬೈಲ್ ಎತ್ತಿ ಹಿಡಿದದ್ದು ಕೂಡ. ಅವಳು ಕೂದಲು ಬಿಚ್ಚಿ ತೂಗತೊಡಗಿದಳು. ಗುಡ್ಡ ಮುಟ್ಟಬ್ಯಾಡ್ರಿ ಎಂದು ಕೂಗಿ ಹೇಳಿದಳು.

ಸಮಿತಿಯವರು ಅಲ್ಲಿಗೆ ಮುಗಿಯಿತು ಅಂದುಕೊಂಡರು. ಆದರೆ ಮೈಮೇಲೆ ಬಂದ ದೇವರನ್ನು ನಿನಗೇನು ಬೇಕು ಎಂದು ಕೇಳದೆ ಕಳಿಸುವ ಪದ್ಧತಿ ಇಲ್ಲ. ತುರುವನೂರು ಕಡೆಯ ನಿರಂಜನ್ ಇದರಲ್ಲೇ ಬೆಳೆದವನು. ಉದ್ದಕ್ಕೆ ಅಡ್ಡಬಿದ್ದ.

"ತಪ್ಪಾತು ತಾಯಿ. ನಿಂಗೆ ಕಲ್ಲಿನ ಗುಡಿ ಕಟ್ಟಿಸ್ತೀನಿ. ಗುಡಿತಂಕ ಟಾರ್ ರೋಡ್ ಹಾಕಿಸ್ತೀನಿ. ಒಪ್ಕ."

ಜನರೂ ಕೈಮುಗಿದು ಒಪ್ಕ ತಾಯಿ ಅಂದರು. ರೋಡು ಬಂದರೆ ಅಂಗಡಿ, ಅಂಗಡಿ ಹಿಂದೆ ಸೈಟು. ಅಷ್ಟು ಓಬಕ್ಕನಿಗೆ ತಿಳಿಯಿತು. ಸೂರು ಒಲ್ಲದೆ ಬಯಲಲ್ಲೇ ನಿಂತ ದೇವರು ಈ ಸೀಮೆಯಲ್ಲಿ ಬೇಕಾದಷ್ಟಿವೆ.

"ಸೂರು ಒಲ್ಲೆ. ರೋಡು ಒಲ್ಲೆ."

"ಅಂಗಾರೆ ಏನ್ ಬೇಕು, ಅದ್ನಾರ ಹೇಳು." ಅವನು ಬಿಡಲಿಲ್ಲ. ದೇವರು ಏನಾದರೊಂದು ಕೇಳಲೇಬೇಕಿತ್ತು.

"ನಂಗೆ ಈ ಗುಡ್ಡ ಇದ್ದಂಗೇ ಇರ್ಬೇಕು. ಒಂದೆಲೆ ಮುರುದ್ರೂ, ಒಂದೆಳೆ ಹುಲ್ಲು ಕಿತ್ರೂ ಅಂಥೋರ ಮನೆ ಉಳಿಯಾಕಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಆಡುಗಳು ನೆನಪಾದವು.

ಜೆಸಿಬಿ ಓಡಿಸುವವರು ಗುಡ್ಡ ಹತ್ತಲು ಒಪ್ಪಲಿಲ್ಲ. ಸೈಟು ನೋಡಲು ಬರುತ್ತಿದ್ದವರು ನಿಂತರು. ಮಳೆಗಾಲದೊಳಗೆ ನಿರಂಜನ್ ಗಡಿಕಲ್ಲು ಕೀಳಿಸಿದ. ಸಮಿತಿಯವರು ಸಭೆ ಮಾಡಿ ಓಬಕ್ಕನಿಗೆ ಶಾಲು ಹೊದಿಸಿದರು.

ಆಡುಗಳು ಮನೆ ಮುಂದೆ ಕಟ್ಟಿದಲ್ಲೇ ಸೊರಗುತ್ತಿವೆ ಎಂದು ಕೇಳಿ ಪ್ರಸನ್ನಕುಮಾರ್ ಮತ್ತೆ ಬಂದ. ಗುಡ್ಡಕ್ಕೆ ಸುಮ್ನೆ ಹೊಡ್ಕಂಡ್ ಹೋಗು, ಅದು ನಾಟಕ ಅನ್ನೋದು ನಮ್ಮಿಬ್ಬರಿಗೂ ಗೊತ್ತಲ್ಲ ಎಂದ.

"ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ನನ್ನಾಡು ಅಲ್ಲಿ ಮೇದು ನನ್ ಮನೆ ನೆಟ್ಟಗೆ ನಿಂತ್ರೆ, ನಾಳೆನೇ ಜೆಸಿಬಿ ಹತ್ತುತ್ತೆ ಕಣಪ್ಪ."

ಅವನು ಅವಳು ಕೊಟ್ಟ ಕಾಫಿಯನ್ನೂ ಕುಡಿಯದೆ ಎದ್ದ.

ಸಂತೆಯ ದಿನ ಓಬಕ್ಕ ಆಡುಗಳನ್ನು ಮಾರಲು ಹೆದ್ದಾರಿ ಬದಿಯಿಂದ ಹೊಡೆದುಕೊಂಡು ಹೋದಳು. ಗುಡ್ಡದ ಪಕ್ಕದ ದಾರಿ ಹತ್ತಿರವಿತ್ತು. ಆದರೆ ಆ ಕಡೆ ತಿರುಗಿಸಿದರೆ ಅವು ರೂಢಿಯಂತೆ ಮೇಲಕ್ಕೆ ಹತ್ತಿಬಿಡುತ್ತಿದ್ದವು.