ಸಾಸಿವೆ ಮತ್ತು ಒಂದೇ ಉಸಿರಿನ ಮಂತ್ರ

ಆ ಚಳಿಗಾಲ ನಾನು ಗಾಜಾಗಿದ್ದೆ. ಮಾತಿಗೆ ಹೇಳುತ್ತಿಲ್ಲ. ತಲೆಯಿಂದ ಕಾಲಿನವರೆಗೆ, ತೊಟ್ಟಿದ್ದ ಸ್ವೆಟರಿನ ಒಂದೊಂದು ಹೆಣಿಗೆಯ ಸಮೇತ, ನಸುಹಸಿರು ಬಣ್ಣದ ಗಟ್ಟಿ ಗಾಜು. ಇವತ್ತು ಆರಾಮವಾಗಿ ಕೂತು ಈ ಕಥೆ ಹೇಳುತ್ತಿದ್ದೇನೆಂದರೆ ಅದು ಸಾಸಿವೆಯ ದೆಸೆಯಿಂದ.

ಸಾಸಿವೆ ಎಂಬುದು ಅವಳ ಅಜ್ಜಿ ಇಟ್ಟ ಅಡ್ಡಹೆಸರು. ಆಳು ಗಿಡ್ಡ, ಬಿಸಿ ತಾಗಿದರೆ ಸಿಡಿಯುತ್ತಾಳೆ. ಅವಳು ನನಗಿಟ್ಟ ಹೆಸರು ಬಸವನಹುಳು. ಪ್ರೀತಿ ಉಕ್ಕಿದಾಗ ಬರೀ ಹುಳು. ನಾನು ಎಲ್ಲದರಲ್ಲೂ ನಿಧಾನ. ಅವಳು ಮೂರು ಪ್ರಶ್ನೆ ಕೇಳಿ, ಮೂರಕ್ಕೂ ತಾನೇ ಉತ್ತರ ಕೊಟ್ಟು ಮುಗಿಸುವ ಹೊತ್ತಿಗೆ ನಾನು ಮೊದಲನೆಯದಕ್ಕೆ ಬಾಯಿ ತೆರೆಯುತ್ತಿದ್ದೆ. ಆದರೂ ನಾವಿಬ್ಬರೂ ಒಂದೇ ಬೆಂಚಿನವರು, ಒಂದೇ ಬೀದಿಯವರು.

ನಮ್ಮ ಬೀದಿಯ ತುದಿಯಲ್ಲಿ ಗಾಜಿನ ಕಾರ್ಖಾನೆ ಇತ್ತು. ಅಪ್ಪ ಅಲ್ಲಿ ಗಾಜು ಊದುವವನು, ಅಮ್ಮ ಉಜ್ಜಿ ಹೊಳಪು ಕೊಡುವವಳು, ನಾನು ದೀಪದ ಚಿಮಣಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವವಳು. ಸಾಸಿವೆಯ ಅಜ್ಜಿ ಕಾರ್ಖಾನೆಯ ಮಾಟಗಾತಿ. ನಮ್ಮೂರಿನಲ್ಲಿ ಅದು ಬೈಗುಳವಲ್ಲ. ಬಡಗಿ, ಕಮ್ಮಾರ ಎಂದ ಹಾಗೆ ಅದೂ ಒಂದು ಕಸುಬು. ವಾರಕ್ಕೊಮ್ಮೆ ಅಜ್ಜಿ ಕುಲುಮೆಯ ಬಾಯಿಯ ಮುಂದೆ ನಿಂತು, ಒಳಗೆ ಕರಗಿ ಕುದಿಯುತ್ತಿದ್ದ ಗಾಜಿಗೆ ಮಂತ್ರ ಹೇಳುತ್ತಿದ್ದಳು. ಗುಳ್ಳೆಗಳೆಲ್ಲ ಅಡಗಿ, ಗಾಜು ಮಾತು ಕೇಳಿದ ಮಗುವಿನಂತೆ ಸುಮ್ಮನಾಗುತ್ತಿತ್ತು. ಆ ಮಂತ್ರವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು. ನಡುವೆ ಉಸಿರು ತುಂಡಾದರೆ ಮಂತ್ರ ದಾರಿ ತಪ್ಪುತ್ತದೆ.

ಆ ಬೆಳಿಗ್ಗೆ ಅಜ್ಜಿಗೆ ಮಂತ್ರದ ನಡುವೆ ಕೆಮ್ಮು ಬಂತು. ಒಂದು ತೆಕ್ಕೆ ಹುಲ್ಲು ಅಪ್ಪಿಕೊಂಡು ನಾನು ಅವಳ ಎಡಗಡೆಯಿಂದ ಹಾದು ಹೋಗುತ್ತಿದ್ದೆ. ದಾರಿ ತಪ್ಪಿದ ಮಂತ್ರ ಬಂದು ನನಗೆ ಬಡಿಯಿತು. ನೋವೇನೂ ಆಗಲಿಲ್ಲ. ತಣ್ಣನೆಯ ನೀರಿಗೆ ಇಳಿದ ಹಾಗಾಯಿತು, ಅಷ್ಟೇ. ಆಮೇಲೆ ಕೈ ಎತ್ತಲು ನೋಡಿದೆ, ಆಗಲಿಲ್ಲ. ಕೂಗಲು ನೋಡಿದೆ, ಅದೂ ಆಗಲಿಲ್ಲ. ಆದರೆ ಕಿವಿ ಮಾತ್ರ ಕೇಳುತ್ತಿತ್ತು; ಇನ್ನು ಮುಂದೆ ಕಣ್ಣಿಂದ ಕಂಡಂತೆ ಹೇಳುವುದೆಲ್ಲ ಆಮೇಲೆ ಸಾಸಿವೆ ಹೇಳಿದ್ದು. ಅಮ್ಮನ ಕೈಯಿಂದ ಏನೋ ಬಿದ್ದು ಚೂರಾದದ್ದು ಕೇಳಿತು. ಅಜ್ಜಿ ನೆಲದ ಮೇಲೆ ಕುಸಿದು, “ನನ್ನ ಬಾಯಿಗೆ ಬೆಂಕಿ ಹಾಕ” ಎಂದು ಅತ್ತದ್ದು ಕೇಳಿತು.

ಮಂತ್ರಶಾಲೆಯಿಂದ ಹಿರಿಯ ಗುರುಗಳು ಬಂದರು. ಒಳ್ಳೆಯ ಹೆಂಗಸು, ಮೆತ್ತಗಿನ ಮಾತು. ಅವರು ಬಿಡಿಸುವ ಮಂತ್ರವನ್ನು ಶುದ್ಧವಾಗಿ, ಒಂದೇ ಉಸಿರಿನಲ್ಲಿ ಹೇಳಿದರು. ಮೈ ಒಳಗೆಲ್ಲ ಬಿಸಿ ನುಗ್ಗಿ ಬಂದಂತಾಯಿತು. ಮರುಗಳಿಗೆಯಲ್ಲೇ ಟಿಣ್ ಎಂದು ಸದ್ದಾಗಿ ನನ್ನ ಎಡಗೈಯ ಕಿರುಬೆರಳಿನ ತುದಿ ನೆಲಕ್ಕೆ ಬಿತ್ತು. ಗುರುಗಳು ಅಲ್ಲಿಗೇ ನಿಲ್ಲಿಸಿಬಿಟ್ಟರು.

“ಇನ್ನೊಂದ್ಸಲ ಹೇಳಿದ್ರೆ ಹುಡುಗಿ ಪೂರ್ತಿ ಒಡೆದುಹೋಗ್ತಾಳಮ್ಮಾ” ಎಂದು ಅಮ್ಮನ ಕೈ ಹಿಡಿದುಕೊಂಡರು. “ನನಗೆ ಬೇರೆ ದಾರಿ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳೋಕೆ ಮನಸ್ಸಿಲ್ಲ.”

ಅವರು ಬಂದ ಗಾಡಿಯಲ್ಲೇ ಸಾಸಿವೆಯೂ ಹೋಗಬೇಕಿತ್ತು. ಮಂತ್ರಶಾಲೆಯಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಅದಕ್ಕಾಗಿ ಅವಳು ಹಾಸಿಗೆಯಲ್ಲೂ ಮಂತ್ರ ಗುನುಗುತ್ತಾ ವರ್ಷವಿಡೀ ಓದಿದ್ದಳು. ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ಇಟ್ಟೂ ಆಗಿತ್ತು.

“ನಾನು ಬರಲ್ಲ” ಎಂದಳು.

“ಈ ವರ್ಷ ಬಿಟ್ರೆ ಮುಂದಿನ ವರ್ಷ ಸಿಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ ಮಗಳೇ” ಎಂದರು ಗುರುಗಳು.

“ಬೇಡ, ಕೊಡಬೇಡಿ. ಇವಳನ್ನ ಹೀಗೆ ನಿಲ್ಲಿಸಿ ಅಲ್ಲಿಗೆ ಬಂದು ನಾನೇನು ಕಲೀಲಿ? ಪಾಠ ತಲೆಗೆ ಹತ್ತುತ್ತಾ?”

ಗಾಡಿ ಹೋದ ಸದ್ದು ನನಗೆ ಕೇಳಿತು. ಗಾಜಿನ ಕಣ್ಣಲ್ಲಿ ನೀರು ಬರುವುದಿಲ್ಲ. ಬರುತ್ತಿದ್ದರೆ ಅವತ್ತು ಬರುತ್ತಿತ್ತು.

ಅಜ್ಜಿಯನ್ನು ಕೆಲಸದಿಂದ ತೆಗೆದರು. ಬೀದಿಯವರು ಅವಳನ್ನು ಕಂಡರೆ ಮುಖ ತಿರುಗಿಸತೊಡಗಿದರು. ಅಪ್ಪನೂ ತಿರುಗಿಸಿದ. ಕಾರ್ಖಾನೆಯ ಯಜಮಾನರು ಕೆಟ್ಟವರಲ್ಲ, ಆದರೆ ವ್ಯಾಪಾರದ ತಲೆ. ಒಂದು ದಿನ ಬಂದು ನನ್ನನ್ನು ಸುತ್ತ ನೋಡಿ, “ಮೂಲೇಲಿ ಧೂಳು ತಿನ್ನೋ ಬದಲು ಮುಂದಿನ ಹಾಲ್‌ನಲ್ಲಿ ಇಟ್ರೆ ಬಂದವರು ನೋಡ್ತಾರೆ. ಹುಡುಗಿಗೂ ಒಂದು ಗೌರವ” ಎಂದರು.

ಸಾಸಿವೆ ಅಲ್ಲೇ ನನ್ನ ಭುಜದ ಧೂಳು ಒರೆಸುತ್ತಿದ್ದಳು. “ಹಾಗೇ ಒಂದು ಬಲ್ಬೂ ಸಿಕ್ಕಿಸಿಬಿಡಿ ಯಜಮಾನ್ರೇ, ಟೇಬಲ್ ಲ್ಯಾಂಪ್ ಆಗ್ತಾಳೆ” ಎಂದಳು. ಯಜಮಾನರು ಮುಖ ಕೆಂಪು ಮಾಡಿಕೊಂಡು ಹೊರಟುಹೋದರು. ಆ ಮಾತು ಮತ್ತೆ ಬರಲಿಲ್ಲ.

ಅವಳು ದಿನವೂ ಬರುತ್ತಿದ್ದಳು. ಪೆಟ್ಟಿಗೆಯ ಮೇಲೆ ಕೂತು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು: ಯಾರ ಮನೆಯ ಬೆಕ್ಕು ಎಷ್ಟು ಮರಿ ಹಾಕಿತು, ಯಾವ ಮದುವೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡರು. ನನಗೆ ಕೇಳುತ್ತದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಒಮ್ಮೆ ಅಮ್ಮ, “ಗೋಡೆ ಜೊತೆ ಮಾತಾಡಿದ ಹಾಗೆ ಅನ್ಸಲ್ವೇನೇ?” ಎಂದು ಕೇಳಿದಾಗ, “ಇವಳು ಮುಂಚೆಯೂ ಇಷ್ಟೇ ಮಾತಾಡ್ತಿದ್ದದ್ದು ಅತ್ತೇ” ಎಂದಳು. ಅಮ್ಮ ಬಹಳ ದಿನಗಳ ಮೇಲೆ ಅವತ್ತು ನಕ್ಕಳು. ಕಾರ್ಖಾನೆಯ ಆ ತಣ್ಣನೆಯ ಮೂಲೆಯಲ್ಲಿ ನನಗೆ ಹುಚ್ಚು ಹಿಡಿಯದೆ ಉಳಿದದ್ದು ಆ ಹರಟೆಯಿಂದ. ಅವಳ ಉಪಕಾರಗಳಲ್ಲಿ ನಾನು ಮೊದಲು ನೆನೆಯುವುದು ಅದನ್ನೇ.

ಹರಟುತ್ತಲೇ ಅವಳು ಯೋಚಿಸುತ್ತಿದ್ದಳು. ಒಂದು ಮಧ್ಯಾಹ್ನ ಮಾತಿನ ನಡುವೆಯೇ ಪೆಟ್ಟಿಗೆಯಿಂದ ಇಳಿದಳು. ನನ್ನ ಮುರಿದ ಕಿರುಬೆರಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

“ಹುಳೂ, ಗುರುಗಳ ಮಂತ್ರ ತಪ್ಪಾಗಿರ್ಲಿಲ್ಲ ಕಣೇ. ಕೆಲಸ ಶುರುವಾಗಿತ್ತು. ಇಲ್ನೋಡು, ಮುರಿದ ಜಾಗದಲ್ಲಿ ಕೂದಲೆಳೆಯಷ್ಟು ಚರ್ಮ ಇದೆ. ತಪ್ಪಾಗಿದ್ದು ಅವಸರ.”

ಊದಿ ಮುಗಿಸಿದ ಗಾಜನ್ನು ಹಾಗೇ ಗಾಳಿಗೆ ಇಟ್ಟರೆ ಅದು ಬಿರಿಯುತ್ತದೆ. ಅದಕ್ಕೆ ಅದನ್ನು ಆರುಗೂಡು ಎಂಬ ದೊಡ್ಡ ಒಲೆಯೊಳಗಿಟ್ಟು ಬಹಳ ನಿಧಾನವಾಗಿ ತಣಿಸುತ್ತಾರೆ. ಕಾರ್ಖಾನೆಯ ಮಗುವಿಗೂ ಇದು ಗೊತ್ತು. ನನ್ನನ್ನು ಅದೇ ಗೂಡಿನಲ್ಲಿಟ್ಟು, ಅಷ್ಟೇ ನಿಧಾನವಾಗಿ ಬೆಚ್ಚಗೆ ಮಾಡುತ್ತಾ, ಮಂತ್ರವನ್ನೂ ಹಾಗೇ ಎಳೆದು ಎಳೆದು ಒಂದೊಂದು ಅಕ್ಷರವನ್ನು ದಿನವಿಡೀ ಹೇಳಿದರೆ ಒಡೆಯಲಾರೆ ಎಂಬುದು ಅವಳ ಲೆಕ್ಕ. ತೊಡಕು ಒಂದೇ. ಮಂತ್ರ ಒಂದೇ ಉಸಿರಿನದು, ಯಾವ ಮನುಷ್ಯರಿಗೂ ದಿನಗಟ್ಟಲೆ ಸಾಲುವ ಉಸಿರಿಲ್ಲ.

ಆ ತೊಡಕನ್ನು ಅವಳು ಅಜ್ಜಿಯ ಮುಂದಿಟ್ಟಳು. ಮೂಲೆ ಹಿಡಿದು ಕೂತಿದ್ದ ಅಜ್ಜಿಯನ್ನು ಕೈಹಿಡಿದು ಕಾರ್ಖಾನೆಗೆ ಎಳೆದು ತಂದು, ನನ್ನ ಎದುರಿಗೇ ಕೇಳಿದಳು: “ಅಜ್ಜೀ, ಒಂದೇ ಉಸಿರು ಅನ್ನೋದು ನಿಯಮ, ಸರಿ. ಅದು ಒಬ್ಬರದೇ ಉಸಿರಾಗಿರ್ಬೇಕು ಅಂತ ಎಲ್ಲಾದ್ರೂ ಇದೆಯಾ?”

ಅಜ್ಜಿ ಬೆರಳು ಮಡಿಸುತ್ತಾ ಮಂತ್ರದ ನಿಯಮಗಳನ್ನು ಒಂದೊಂದಾಗಿ ಎಣಿಸಿದಳು. “ಇಲ್ಲ” ಎಂದಳು ಕೊನೆಗೆ. “ಯಾರೂ ಕೇಳಿರ್ಲಿಲ್ಲ.”

ಒಬ್ಬರ ದನಿ ಮುಗಿಯುವ ಮೊದಲೇ ಇನ್ನೊಬ್ಬರು ಅದೇ ಶ್ರುತಿ ಹಿಡಿದರೆ ಉಸಿರು ತುಂಡಾಗುವುದಿಲ್ಲ. ಉದ್ದ ಉಸಿರಿನವರು ಎಲ್ಲಿದ್ದಾರೆಂದು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಊದುಗೊಳವೆ ಹಿಡಿದು ಬದುಕು ಸವೆಸಿದ ಇಡೀ ಬೀದಿಯೇ ಅಲ್ಲಿತ್ತು.

ಸಾಸಿವೆ ಮನೆಮನೆಗೆ ಹೋದಳು. ಆರುಗೂಡಿಗಾಗಿ ಯಜಮಾನರ ಬಾಗಿಲಲ್ಲಿ ಕೂತಳು. ಅವಳ ಬಾಯಿಗೆ ಹೆದರಿಯೋ ಏನೋ, ಅವರು ಗೂಡನ್ನೂ ಕೊಟ್ಟರು, ಸೌದೆಯನ್ನೂ ಕೊಟ್ಟರು, ಕೊನೆಗೆ ಸರದಿಯಲ್ಲಿ ತಾವೂ ಬಂದು ನಿಂತರು. ಶ್ರುತಿ ಸೇರದೆ ವಾಪಸ್ ಕಳಿಸಿದಾಗ ಬೇಜಾರು ಮಾಡಿಕೊಂಡರಂತೆ. ಎಲ್ಲರಿಗಿಂತ ಕಷ್ಟವಾದದ್ದು ಗೊಣಗ ಮೇಸ್ತ್ರಿಯನ್ನು ಒಪ್ಪಿಸುವುದು. ನಾನು ಕೆಲಸದಲ್ಲಿ ನಿಧಾನವೆಂದು ಅವರಿಗೆ ನನ್ನನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. “ಇವೆಲ್ಲ ಆಗೋ ಹೋಗೋ ಮಾತಲ್ಲ” ಎಂದು ಗೊಣಗುತ್ತಲೇ ಬಂದರು. ಬಂದವರು ಎರಡು ಪಾಳಿ ನಿಂತರು.

ನನ್ನನ್ನು ಗೂಡಿನೊಳಗೆ ಮಲಗಿಸಿ ಸುತ್ತ ಸಣ್ಣ ಉರಿ ಹಾಕಿದರು. ಸಾಸಿವೆ ಮೊದಲ ಅಕ್ಷರ ಎತ್ತಿದಳು. ಅವಳ ದನಿ ಸಣ್ಣಗಾಗುವ ಮೊದಲೇ ಅಪ್ಪನ ದನಿ ಕೂಡಿತು, ಅಪ್ಪನ ಮೇಲೆ ಇನ್ನೊಬ್ಬರದು. ಆ ನಾದ ಹೇಗಿತ್ತೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ದೂರದಲ್ಲಿ ಜೇನುಗೂಡು ಗುಂಯ್‌ಗುಟ್ಟಿದ ಹಾಗೆ, ತೊಟ್ಟಿಲ ಪಕ್ಕ ಯಾರೋ ಬಾಯಿ ಮುಚ್ಚಿಕೊಂಡೇ ಹಾಡಿದ ಹಾಗೆ. ಹಗಲೂ ಇತ್ತು, ಇರುಳೂ ಇತ್ತು. ಊಟಕ್ಕೆ ಹೋದವರು ಕೈ ತೊಳೆದು ಓಡಿ ಬರುತ್ತಿದ್ದರು. ಸಾಸಿವೆ ಗೂಡಿನ ಪಕ್ಕದಲ್ಲೇ ಚಾಪೆ ಹಾಕಿಕೊಂಡು, ಅಕ್ಷರ ಬದಲಾಗುವ ಹೊತ್ತಿಗೆಲ್ಲ ಎದ್ದು ಕೈಸನ್ನೆ ಮಾಡುತ್ತಿದ್ದಳು.

ಹತ್ತು ದಿನಗಳ ಮೇಲೆ ಕೊನೆಯ ಅಕ್ಷರಕ್ಕೆ ಬಂದರು. ಮಧ್ಯಾಹ್ನದ ಹೊತ್ತು. ಸರದಿ ಯಾರದೆಂದು ಕೇಳಿದಾಗ ಸಾಸಿವೆ, “ಅಜ್ಜಿದು” ಎಂದು ಪಿಸುಗುಟ್ಟಿದಳು.

ಅಪ್ಪ ಅವಳನ್ನು ಪಕ್ಕಕ್ಕೆ ಕರೆದ. “ಬೇಡ ತಾಯಿ. ಇಷ್ಟು ದೂರ ಬಂದು... ಮತ್ತೆ ಕೆಮ್ಮು ಬಂದ್ರೆ?”

“ಬಂದ್ರೆ ನಾವೆಲ್ಲ ಇದೀವಲ್ಲ ಮಾವ. ಅವತ್ತು ಅಜ್ಜಿ ಒಬ್ಬಳೇ ಇದ್ಳು. ಹುಳು ಎದ್ದು ಬಂದಾಗ, ಅಜ್ಜಿಗೆ ಮಾತ್ರ ಬಾಗಿಲು ಹಾಕಿದ್ರಿ ಅಂತ ಗೊತ್ತಾದ್ರೆ ಅವಳು ನಿಮ್ಮನ್ನ ಏನು ಕೇಳ್ತಾಳೆ ಹೇಳಿ.”

ನನಗೆ ಬಾಯಿ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ, ಅಷ್ಟೇ.

ಅಪ್ಪ ಪಕ್ಕಕ್ಕೆ ಸರಿದು ಅಜ್ಜಿಗೆ ಜಾಗ ಬಿಟ್ಟ. ಅಜ್ಜಿಯ ದನಿ ಕೂಡಿತು, ಹಳೆಯ ಬಟ್ಟೆಯ ಹಾಗೆ ಮೆತ್ತಗೆ. ಸ್ವಲ್ಪ ಹೊತ್ತಿಗೆ ಆ ದನಿಯ ಬುಡದಲ್ಲಿ ಒಂದು ಗರಗರ ಏಳುವುದು ನನಗೆ ಕೇಳಿತು. ಕೆಮ್ಮು. ಅವಳು ತಡೆದುಕೊಳ್ಳುತ್ತಿದ್ದಳು, ದನಿ ನಡುಗುತ್ತಿತ್ತು. ಅಷ್ಟರಲ್ಲಿ ಅದರ ಕೆಳಗಿನಿಂದ ಸಾಸಿವೆಯ ದನಿ ಬಂದು ಆತುಕೊಂಡಿತು. ಆಮೇಲೆ ಅಪ್ಪನದು. ಆಮೇಲೆ ಗೊಣಗ ಮೇಸ್ತ್ರಿಯ ಗೊಗ್ಗರು ದನಿ. ಅಜ್ಜಿ ಕೆಮ್ಮಿದಳು, ಮನಸಾರೆ ಕೆಮ್ಮಿದಳು, ಮಂತ್ರ ಮಾತ್ರ ಕದಲದೆ ನಿಂತಿತ್ತು. ಕೆಮ್ಮಿ ಮುಗಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಅಜ್ಜಿ ಮತ್ತೆ ಅವರ ನಡುವೆ ಸೇರಿಕೊಂಡಳು. ಕೊನೆಯ ಅಕ್ಷರ ಮುಗಿಸಿದವಳು ಅವಳೇ.

ನನಗೆ ಮೊದಲು ತಿಳಿದದ್ದು ಸೆಕೆ. ಆಮೇಲೆ ಹಸಿವು. ಹೊಟ್ಟೆ ಗುರ್ ಎಂದ ಸದ್ದು ಹೊರಗಿದ್ದವರಿಗೆಲ್ಲ ಕೇಳಿತಂತೆ.

“ಅಬ್ಬಾ, ಬಂದಳು” ಎಂದಳು ಸಾಸಿವೆ. ಅಷ್ಟು ಹೇಳಿ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಕಿರುಬೆರಳಿನ ತುದಿ ಬರಲಿಲ್ಲ. ಅದರಿಂದ ನನಗೇನೂ ಕಷ್ಟವಿಲ್ಲ. ಅಪ್ಪ ಅವತ್ತು ಸಂಜೆಯೇ ಅಜ್ಜಿಯನ್ನು ಮನೆಗೆ ಕರೆದು, ತನ್ನ ಪಕ್ಕ ಕೂರಿಸಿಕೊಂಡು ಊಟ ಹಾಕಿಸಿದ. ಅವಳ ತಟ್ಟೆಗೆ ತಾನೇ ಬಡಿಸುತ್ತಲೇ ಇದ್ದ. ಮಾರನೆಯ ವಾರ ಅಜ್ಜಿ ಕುಲುಮೆಯ ಮುಂದೆ ನಿಂತಾಗ ಅವಳ ಹಿಂದೆ ಇಬ್ಬರು ಊದುವವರು ನಿಂತು ದನಿ ಕೂಡಿಸಿದರು. ಅವಳು ಬದುಕಿದ್ದಷ್ಟು ದಿನವೂ ಹಾಗೇ ನಡೆಯಿತು.

ಕಾಲಲ್ಲಿ ಬಲ ಬಂದ ಮೇಲೆ ನಾನು ಸಾಸಿವೆಯ ತೋಳು ಹಿಡಿದುಕೊಂಡು ಉಸಿರು ಕೊಟ್ಟವರ ಮನೆಗಳಿಗೆಲ್ಲ ಹೋಗಿಬಂದೆ. ಥ್ಯಾಂಕ್ಸ್ ಹೇಳಲು ಪ್ರತಿ ಬಾಗಿಲಲ್ಲೂ ನನಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಗೊಣಗ ಮೇಸ್ತ್ರಿ ನಾನು ತಡವರಿಸುವುದನ್ನು ನೋಡಿ, “ಆಯ್ತಾಯ್ತು, ಕೂತ್ಕೋ. ಬಂದಿದ್ದೇ ಸಾಕು” ಎಂದು ತಮ್ಮ ಕುರ್ಚಿ ಎಳೆದು ಕೊಟ್ಟು ತಾವು ಹೊಸ್ತಿಲ ಮೇಲೆ ಕೂತರು.

ಎಲ್ಲರ ಮನೆಯೂ ಆದ ಮೇಲೆ ಉಳಿದವಳು ಸಾಸಿವೆ. ಬೀದಿಯ ಕಟ್ಟೆಯ ಮೇಲೆ ಅವಳನ್ನು ಕೂರಿಸಿಕೊಂಡು, ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದ ಮಾತು ಶುರು ಮಾಡಿದೆ. “ನಿನ್ನ ಋಣ ನಾನು...”

“ಋಣ ಗಿಣ ಅಂತ ಶುರು ಮಾಡಿದ್ರೆ ಎದ್ದು ಹೋಗ್ತೀನಿ ನೋಡು.”

“ನಿನ್ನ ಸೀಟು ಹೋಯ್ತಲ್ಲೇ.”

“ಹೋಯ್ತು. ಹೊಟ್ಟೆ ಉರಿದಿದ್ದೂ ನಿಜ. ಸುಳ್ಳು ಯಾಕೆ ಹೇಳಲಿ?” ಅವಳು ಕಾಲು ಆಡಿಸುತ್ತಾ ಬೀದಿಯನ್ನು ನೋಡಿದಳು. “ಆದ್ರೆ ಬೆಳಿಗ್ಗೆ ಎದ್ದು ನಿಮ್ಮ ಮನೆ ಕಡೆ ನೋಡಿದ್ರೆ, ನೀನು ಅಷ್ಟು ನಿಧಾನವಾಗಿ ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿರ್ತೀಯಲ್ಲ, ಆಗ ನನಗೆ ಯಾವ ಸೀಟೂ ನೆನಪಾಗಲ್ಲ ಕಣೇ.”

ಮುಂದಿನ ವರ್ಷ ಹಿರಿಯ ಗುರುಗಳು ತಾವಾಗಿಯೇ ಬಂದರು, ಕೂಡಿ ಹೇಳುವ ಮಂತ್ರವನ್ನು ತಮ್ಮ ಶಾಲೆಯವರಿಗೂ ಹೇಳಿಕೊಡು ಎಂದು ಕೇಳಿ ಅವಳನ್ನು ಕರೆದೊಯ್ದರು. ಕಲಿಯುವ ಸೀಟಿನ ಜೊತೆಗೆ ಕಲಿಸುವ ಕೆಲಸವೂ ಸಿಕ್ಕಿತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಹಿಂದಕ್ಕೆ ಬಾಗಿ ನನಗೆ ಏನೋ ಹೇಳುತ್ತಲೇ ಇದ್ದಳು. ಒಂದಕ್ಷರವೂ ಕೇಳಿಸಲಿಲ್ಲ. ನಾನು ಎಲ್ಲದಕ್ಕೂ ಹೂಂ ಹೂಂ ಎಂದು ತಲೆಯಾಡಿಸುತ್ತಾ ಬೀದಿಯಲ್ಲಿ ನಿಂತಿದ್ದೆ.