ಕಿಟಕಿ ಪಕ್ಕದ ಹಲಗೆ

ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೇಲೆ ಬಡಗಿ ಚರ್ಚಿನ ಹೊಸ್ತಿಲು ತುಳಿದಿರಲಿಲ್ಲ. ಕಂಡಕಂಡವರೆಲ್ಲ ‘ದೇವರ ಚಿತ್ತ’ ಎಂದು ಸಮಾಧಾನ ಹೇಳಿ ಅವನ ತಲೆ ಚಿಟ್ಟು ಹಿಡಿಸಿದ್ದರು. ಈಗ ಬಂದದ್ದೂ ಕೆಲಸಕ್ಕೇ. ಪ್ರಾರ್ಥನೆಗೆ ಮೊಣಕಾಲೂರುವ ಹಳೆಯ ಹಲಗೆಗಳನ್ನು ಉಜ್ಜಿ ಸಮ ಮಾಡಬೇಕಿತ್ತು.

ಕಿಟಕಿ ಪಕ್ಕದ ಹಲಗೆಯಲ್ಲಿ ಎರಡು ಗುಳಿ ಬಿದ್ದಿದ್ದವು.

“ಅದು ನಿಮ್ಮಮ್ಮನ ಜಾಗ,” ಎಂದರು ಪಾದ್ರಿ. “ಅವರು ತೀರಿಕೊಂಡ ಮೇಲೆ ಅಲ್ಲಿ ಯಾರೂ ಕೂರಲ್ಲ. ಯಾರೋ ಇದ್ದ ಹಾಗನ್ಸುತ್ತಂತೆ.”

“ಇದ್ರೆ ಏಳಿಸ್ತೀನಿ ಬಿಡಿ,” ಎಂದು ಗೊಣಗುತ್ತ ಅವನು ಉಜ್ಜುಗೊರಡು ಎತ್ತಿಕೊಂಡ.

ಪಾದ್ರಿ ಒಳಗೆ ಹೋದರು. ಅವನು ಹಲಗೆ ಸವರಿ ನೋಡಿದ. ಮರವೆಲ್ಲ ತಣ್ಣಗಿತ್ತು, ಗುಳಿಗಳೆರಡು ಮಾತ್ರ ಬೆಚ್ಚಗಿದ್ದವು. ಈಗಷ್ಟೇ ಯಾರೋ ಮೊಣಕಾಲೂರಿದ್ದ ಹಾಗೆ.

ದೇವರಲ್ಲಿ ಅಮ್ಮನಿಗೆ ಇದ್ದದ್ದು ಒಂದೇ ಬೇಡಿಕೆ. ಪಾತ್ರೆ ತಿಕ್ಕುವಾಗಲೂ ಅದನ್ನೇ ಗುನುಗುತ್ತಿದ್ದಳು: ನನ್ನ ಮಗನ ಕೈ ಬಿಡಬೇಡಪ್ಪಾ.

ಅವನು ಉಜ್ಜುಗೊರಡನ್ನು ಪಕ್ಕಕ್ಕಿಟ್ಟು ಮೊಣಕಾಲೂರಿದ. ಅಳತೆ ಕೊಟ್ಟು ಮಾಡಿಸಿದಂತೆ ಗುಳಿಗಳು ಅವನಿಗೆ ಒಪ್ಪಿದವು.

“ಸಾಕಮ್ಮ, ಎದ್ದೇಳು,” ಎಂದ ಮೆಲ್ಲಗೆ. “ಯಾಕೆ ಹೀಗ್ಮಾಡ್ದೆ ಅಂತ ಅವನನ್ನ ಇನ್ನು ನಾನೇ ಕೇಳ್ತೀನಿ.”

ಮೊಣಕಾಲಡಿಯ ಬಿಸಿ ನಿಧಾನವಾಗಿ ಆರಿತು.