ಬೆಕ್ಕು ಕೂತಿದ್ದ ಮಣೆ

ಆ ಊರಿಗೆ ಹೋದ ಮೇಲೆ ನಾನು ಮೊದಲು ಹೊಟ್ಟೆಕಿಚ್ಚುಪಟ್ಟದ್ದು ಒಂದು ಬೆಕ್ಕನ್ನು ಕಂಡು.

ವಿಶ್ವವಿದ್ಯಾಲಯದಿಂದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗುವ ದಾರಿ ಗಾಣಿಗರ ಓಣಿಯೊಳಗಿಂದ ಹಾಯುತ್ತಿತ್ತು. ಹಗಲೆಲ್ಲ ಬಿಸಿಲಿಗೆ ಮುಚ್ಚಿಕೊಂಡಿರುತ್ತಿದ್ದ ಅಲ್ಲಿನ ಬಾಗಿಲುಗಳು ಸಂಜೆಯಾಗುತ್ತಲೇ ಒಂದೊಂದಾಗಿ ತೆರೆದುಕೊಂಡು, ಮಲಗುವ ತನಕ ಹಾಗೆಯೇ ಹಾರುಹೊಡೆದಿರುತ್ತಿದ್ದವು. ಓಣಿಯ ನಡುವಿನ ಒಂದು ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂರುವ ಮಣೆಗಳ ಸಾಲಿತ್ತು. ದಾರಿಯಿಂದ ಕಾಣುತ್ತಿದ್ದದ್ದು ಬಾಗಿಲಿಗೆ ನೇರವಾಗಿದ್ದ ಕೊನೆಯ ಮಣೆ ಮಾತ್ರ. ಅದರ ಮೇಲೆ ಒಂದು ಕಂದು ಬೆಕ್ಕು, ಬಡಿಸುವುದು ತಡವಾಯಿತೆಂದು ಮುನಿಸಿಕೊಂಡ ಬೀಗರ ಹಾಗೆ ಮುಂಗಾಲು ಜೋಡಿಸಿಕೊಂಡು ಕೂತಿರುತ್ತಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ಯಾರೋ ಯಾರನ್ನೋ ಗೇಲಿ ಮಾಡುವ ದನಿ, ಅದರ ಹಿಂದೆಯೇ ಗೊಳ್ಳೆನ್ನುವ ನಗು. ಈ ಊರಿನಲ್ಲಿ ಬೆಕ್ಕಿಗೂ ಪಂಕ್ತಿಯಲ್ಲಿ ಜಾಗವಿದೆ, ನನಗಿಲ್ಲ ಎಂದುಕೊಂಡು ನಾನು ಬಿರಬಿರನೆ ನಡೆಯುತ್ತಿದ್ದೆ.

ನಾನು ಅಲ್ಲಿಗೆ ಹೋದದ್ದು ಶಾಸನಗಳನ್ನು ಓದಲು ಕಲಿಯುವುದಕ್ಕೆ. ಅದರಲ್ಲಿ ನನಗೆ ಯಾವ ದೂರೂ ಇರಲಿಲ್ಲ. ನಮ್ಮ ಪ್ರಾಧ್ಯಾಪಕರು ಸವೆದ ಕಲ್ಲಿನ ಮೇಲೆ ಒದ್ದೆ ಬಟ್ಟೆ ಎಳೆದು, "ನೋಡು, ಈಗ ಅಕ್ಷರ ಏಳ್ತಾವ" ಎಂದರೆ ಸಾಕು, ನನ್ನ ಮೈಮೇಲೆ ಮುಳ್ಳೇಳುತ್ತಿತ್ತು. ದೂರು ಇದ್ದದ್ದು ಸಂಜೆಗಳ ಬಗ್ಗೆ. ನಾನು ಹುಟ್ಟಿ ಬೆಳೆದ ದೊಡ್ಡ ಊರಿನಲ್ಲಿ ನನಗೊಂದು ದಂಡೇ ಇತ್ತು. ಕಾಫಿ ಹೋಟೆಲಿನ ಮೂಲೆಯ ಮೇಜು ನಮ್ಮದು, ನಾಟಕ ಮುಗಿದ ಮೇಲಿನ ಜಗಳ ನಮ್ಮದು, ಮಾತು ಮುಗಿಯದೆ ಒಬ್ಬರನ್ನೊಬ್ಬರು ಮನೆ ಮುಟ್ಟಿಸಿ ಮತ್ತೆ ವಾಪಸು ಬರುವ ಹುಚ್ಚು ನಮ್ಮದು. ಇಲ್ಲಿ ಇದ್ದ ಒಂದು ಹೋಟೆಲಿನವನು ಕತ್ತಲಾಗುವ ಮೊದಲೇ ಬೆಂಚುಗಳನ್ನು ಬೋರಲು ಹಾಕುತ್ತಿದ್ದ. ಇದ್ದ ಒಂದು ಟಾಕೀಸಿನಲ್ಲಿ ಒಂದೇ ಚಿತ್ರ ತಿಂಗಳುಗಟ್ಟಲೆ ಓಡುತ್ತಿತ್ತು. ಹರಟೆಗೆ ಒಂದು ಜಾಗವಿಲ್ಲದ ಊರೂ ಒಂದು ಊರೇ!

ಅಪ್ಪ ಕಳಿಸುವಾಗಲೇ ಹೇಳಿದ್ದರು: "ಓದು ಹಿಡಿಸಿದ್ರೆ ಸಾಲದಮ್ಮ, ಊರೂ ಹಿಡಿಸಬೇಕು. ಹಿಡಿಸದಿದ್ರೆ ದೀಪಾವಳಿಗೆ ಗಂಟುಮೂಟೆ ಕಟ್ಟಿಕೊಂಡು ಬಂದುಬಿಡು." ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ನನ್ನ ಸೀಟು ದೀಪಾವಳಿ ಮುಗಿಯುವ ತನಕ ನನ್ನದೇ ಆಗಿತ್ತು. ಅಲ್ಲಿ ಶಾಸನ ಓದಿಸುವವರಿರಲಿಲ್ಲ. ಇಲ್ಲಿ ಶಾಸನ ಬಿಟ್ಟರೆ ನನ್ನೊಡನೆ ಮಾತಾಡುವವರಿರಲಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕಿತ್ತು.

ನಿಜ ಹೇಳಬೇಕೆಂದರೆ ನನ್ನನ್ನು ಚುಚ್ಚುತ್ತಿದ್ದವರು ನನ್ನ ತರಗತಿಯವರೇ. ತರಗತಿಯಲ್ಲಿ ಒಳ್ಳೆಯವರೇ, ಸಂಜೆ ಪಾಠ ಮುಗಿಯಿತೋ, "ಬರ್ತೀವ್ರಿ" ಎಂದು ಒಟ್ಟಿಗೇ ಮಾಯವಾಗುತ್ತಿದ್ದರು. ಮರುದಿನ ಬೆಳಿಗ್ಗೆ ಬಂದು ಹಿಂದಿನ ಸಂಜೆಯ ಮಾತು ನೆನೆಸಿಕೊಂಡು ನಗುವುದು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮಹಾದೇವಿ, "ರಾಚಯ್ಯ, ನಿನ್ನಿ ಎಲಿ ಮುಚ್ಚಿಟ್ಟುಕೊಂಡಾವ ನೀನ ಹೌದಲ್ಲೋ?" ಎಂದು ಕೇಳುವಳು. ರಾಚಯ್ಯ ಎದೆ ಮುಟ್ಟಿಕೊಂಡು ಆಣೆ ಹಾಕುವನು. ಎಲ್ಲರೂ ಬಿದ್ದು ಬಿದ್ದು ನಗುವರು. ಎಲ್ಲೋ ಇಸ್ಪೀಟಾಡುತ್ತಾರೆ, ಎಲ್ಲೋ ಹಾಡುತ್ತಾರೆ, ನನ್ನನ್ನು ಒಂದು ದಿನವಾದರೂ ಬಾ ಅನ್ನುವುದಿಲ್ಲ. ನಾನೂ ಬಿಂಕದವಳೇ, ಎಲ್ಲಿ ಸೇರುತ್ತೀರಿ ಎಂದು ಕೇಳಲಿಲ್ಲ.

ಮಹಾದೇವಿ ನನ್ನನ್ನು ಕೇಳುತ್ತಿದ್ದದ್ದು ದಿನಕ್ಕೊಂದೇ ಮಾತು. ಹೊರಡುವಾಗ, "ಚಾ ಆತೇನ್ರಿ?" ಎನ್ನುವಳು. ನಾನು, "ಆಯ್ತು" ಎನ್ನುವೆ. ಓಣಿಗೆ ಬಂದರೆ ಬೆಕ್ಕಿನ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದ ದಪ್ಪ ಕುಂಕುಮದ ಹೆಂಗಸು, "ಊಟಾತೇನವಾ?" ಎನ್ನುವಳು. ನಾನು ನಡಿಗೆ ನಿಲ್ಲಿಸದೆಯೇ, "ಆಯ್ತಮ್ಮ" ಎನ್ನುವೆ. ನಮ್ಮ ಕಡೆ ಇದು ನಮಸ್ಕಾರವಿದ್ದ ಹಾಗೆ. ಅವರು ಆಯ್ತಾ ಅನ್ನಬೇಕು, ನಾವು ಆಯ್ತು ಅನ್ನಬೇಕು, ಇಬ್ಬರೂ ತಂತಮ್ಮ ದಾರಿ ಹಿಡಿಯಬೇಕು. ಹೊಟ್ಟೆ ತಾಳ ಹಾಕುತ್ತಿದ್ದರೂ ಬೇರೆಯವರ ಬಾಗಿಲಲ್ಲಿ ನಿಂತು ಹಸಿವು ಹೇಳಿಕೊಳ್ಳಬಾರದು ಎಂದು ಅಮ್ಮ ಚಿಕ್ಕಂದಿನಿಂದ ತಿದ್ದಿದ್ದಳು. ಹಾಗಾಗಿ ಬೀದಿಯಲ್ಲಿ ಆಯ್ತೆಂದು ಹೇಳಿ, ಹಾಸ್ಟೆಲಿಗೆ ಹೋಗಿ, ಬೇಳೆ ಎಲ್ಲಿದೆಯೆಂದು ಹುಡುಕಬೇಕಾದ ಸಾರಿನಲ್ಲಿ ಅನ್ನ ಕಲಸಿ ಉಣ್ಣುತ್ತಿದ್ದೆ. ಒಂದೆರಡು ಸಂಜೆ ದಾರಿಯಲ್ಲೇ ಕಣ್ಣೊರೆಸಿಕೊಂಡದ್ದೂ ಉಂಟು.

ದೀಪಾವಳಿ ಹತ್ತಿರ ಬಂತು. ನಾನು ಟ್ರಂಕು ತುಂಬಿದೆ. ನನ್ನನ್ನು ಕರೆದೊಯ್ಯಲೆಂದು ನಮ್ಮ ದಂಡಿನ ನಾಯಕಿ ಮಂದಾಕಿನಿ ತಾನೇ ಹೊರಟು ಬಂದಳು. ಮಂದಾ ಇದ್ದಲ್ಲಿ ಸುಮ್ಮನಿರುವುದೆಂಬುದೇ ಇಲ್ಲ. ಬಸ್ಸಿಳಿದವಳೇ, "ಏನೇ ಇದು, ಒಳ್ಳೆ ಒಣಗಿದ ಹಾಗಲಕಾಯಿ ಆಗಿದೀಯಲ್ಲೇ!" ಎಂದಳು. ದಾರಿಯುದ್ದಕ್ಕೂ ನಾನು ಊರನ್ನು ಬೈದೆ. ಅವಳು ನನ್ನ ಪರವಾಗಿ ಇನ್ನೊಂದಿಷ್ಟು ಬೈದಳು. ಹಾಗೆ ಬೈಯುತ್ತ ಬೈಯುತ್ತ ಗಾಣಿಗರ ಓಣಿಗೆ ಬಂದೆವು. ಬಾಗಿಲುಗಳು ತೆರೆದಿದ್ದವು. ಕಟ್ಟೆಯ ಮೇಲಿನ ಹೆಂಗಸು ಎಂದಿನಂತೆ ಕೇಳಿದಳು:

"ಊಟಾತೇನವಾ?"

"ಆಯ್ತಮ್ಮ" ಎಂದೆ.

ಮಂದಾ ಗಕ್ಕನೆ ನಿಂತಳು. "ಎಲ್ಲಿ ಆಯ್ತೇ, ಸುಳ್ಳುಬುರುಕಿ? ಇಲ್ಲ ಕಣ್ರಮ್ಮ, ಆಗಿಲ್ಲ! ಬೆಳಗ್ಗೆಯಿಂದ ಬಸ್ಸಿನಲ್ಲಿ ಕೂತು ಕೂತು ಹೊಟ್ಟೆಯಲ್ಲಿ ಇಲಿ ಓಡಾಡ್ತಿವೆ ನನಗೆ."

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಹೆಂಗಸು ಮಾತ್ರ ಕಾಯುತ್ತಿದ್ದ ಬಸ್ಸು ಬಂದವರ ಹಾಗೆ ಸರಕ್ಕನೆ ಎದ್ದಳು. "ಹಂಗಾರ ಬರ್ರಿ ಒಳಗ! ಏನ್ ನಿಂತೀರಿ ಮತ್ತ?" ಎಂದು ಒಬ್ಬೊಬ್ಬರ ರಟ್ಟೆ ಒಂದೊಂದು ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿಸಿಯೇಬಿಟ್ಟಳು.

ಒಳಗೆ ನೋಡುತ್ತೇನೆ, ನನ್ನ ತರಗತಿಯೆಲ್ಲ ಅಲ್ಲಿದೆ! ಮಹಾದೇವಿ ಒಲೆಯ ಮುಂದೆ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಾಳೆ. ರಾಚಯ್ಯ ಉಳ್ಳಾಗಡ್ಡಿ ಹೆಚ್ಚುತ್ತ ಅಳುತ್ತಿದ್ದಾನೆ. ಉಳಿದವರು ಗೋಡೆಗೊರಗಿ ಕೂತು, ಮಾಡುವವರಿಗೆ ಬುದ್ಧಿ ಹೇಳುತ್ತಿದ್ದಾರೆ. ನನ್ನನ್ನು ಕಂಡು ಮಹಾದೇವಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ಹರಿಯಿತು.

"ಯವ್ವಾ, ಬಂದ್ರಲ್ಲ! ನೀಲಗಂಗವ್ವಾ, ಏನಂದು ಕರಕೊಂಡು ಬಂದಿ?"

"ನಾ ಏನೂ ಅಂದಿಲ್ಲ" ಎಂದಳು ಆ ಹೆಂಗಸು. ಮನೆಯೊಡತಿ ನೀಲಗಂಗವ್ವ ಅವಳೇ. "ದಿನಾ ಕೇಳೂದನ್ನ ಕೇಳಿದೆ. ಇವತ್ತು ಆಗಿಲ್ಲ ಅಂದ್ರು."

ನನಗೆ ಸಿಟ್ಟು ಬಂತು. ಇಷ್ಟು ದಿನ ಒಳಗೊಳಗೇ ಕುದಿದದ್ದು ಬಾಯಿಗೆ ಬಂತು. "ಇಲ್ಲೇ ಸೇರ್ತಿದ್ರಾ ಎಲ್ಲ? ನಾನು ದಿನಾ ಈ ಬಾಗಿಲ ಮುಂದೇನೇ ಹೋಗ್ತಿದ್ದೆ. ಒಂದು ದಿನ, ಒಂದೇ ಒಂದು ದಿನ ಬಾ ಅನ್ನಬಾರದಿತ್ತಾ?"

ಮಹಾದೇವಿ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟಳು. "ದಿನಾ ಕೇಳ್ತಿದ್ದೆ ಅಲ್ಲರಿ, ಚಾ ಆತೇನು ಅಂತ? ಈ ಓಣ್ಯಾಗ ಬರ್ರಿ ಅಂತ ಕರೆಯೂದು ಬೀಗರನ್ನ, ಸಾಹೇಬರನ್ನ. ನಮ್ಮವರನ್ನ ಯಾರು ಕರೀತಾರ? ಕೇಳ್ತಾರ. ಆಗಿಲ್ಲ ಅಂದ್ರ ಒಳಗ ಬಂದು ಕುಂಡ್ರೂದು. ನೀವು ದಿನಾ ಆತು, ಆತು ಅಂತಿದ್ರಿ. ನಾವೇನ್ ಕೊಳ್ಳಿಗೆ ಹಗ್ಗಾ ಹಾಕಿ ಎಳಕೊಂಡು ಬರಬೇಕಿತ್ತೇನು?"

"ದೊಡ್ಡ ಊರಿನಾಕಿ, ನಮ್ಮ ರೊಟ್ಟಿ ಇಕಿಗೆ ಸೇರೂದಿಲ್ಲ ಅಂತ ತಿಳಕೊಂಡಿದ್ವಿ" ಎಂದ ರಾಚಯ್ಯ, ಮೂಗೊರೆಸಿಕೊಳ್ಳುತ್ತ. ಅವನ ದನಿಯಲ್ಲಿ ನೋವಿತ್ತು. ಇಷ್ಟು ದಿನವೂ ನಾನು ಅವರ ಮುಖಕ್ಕೆ ಬಾಗಿಲು ಹಾಕುತ್ತ ಬಂದಿದ್ದೆ. ಅವರು ನನ್ನ ಮುಖಕ್ಕೆ ಹಾಕಿದರೆಂದು ಊರನ್ನೆಲ್ಲ ಬೈದಿದ್ದೆ.

ಮಂದಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಥೂ ನಿನ್ನ! ತಿಂಗಳುಗಟ್ಟಲೆ ಕೂತು ಅತ್ತಿದ್ದು ಇದಕ್ಕೇನೇ?"

"ಮೊದ್ಲು ಉಣ್ರಿ, ಆಮ್ಯಾಲ ಜಗಳಾಡ್ರಿ" ಎಂದು ನೀಲಗಂಗವ್ವ ನನ್ನನ್ನು ಸಾಲಿನ ಕೊನೆಗೆ ಕರೆದೊಯ್ದಳು. ಅಲ್ಲಿ ಬೆಕ್ಕು ಕೂತಿತ್ತು. "ಏಳು, ಏಳ! ನಿನ್ನ ರಾಜ್ಯಭಾರ ಮುಗೀತು" ಎಂದು ಅದನ್ನು ಎತ್ತಿ ಕೆಳಗಿಟ್ಟಳು. "ಕುಂಡ್ರವಾ. ಇದು ನಿನ್ನ ಮಣಿ. ನೀ ಈ ದಾರಿ ಹಿಡಿದ ದಿನಾನ ಹಾಕಿಸೀನಿ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು ಅಂತ ತೆಗೀಲಿಲ್ಲ. ಖಾಲಿ ಐತಿ ಅಂತ ಈ ಬೆಕ್ಕು ಕುಂತಬಿಡ್ತು."

ಬೆಕ್ಕು ಬಾಲ ನೆಟ್ಟಗೆ ಮಾಡಿ, ನನ್ನನ್ನು ಕೆಕ್ಕರಿಸಿ ನೋಡಿ, ಕಂಬದ ಮರೆಗೆ ಹೋಯಿತು. ನಾನು ಕೂತೆ. ಮಣೆ ಬೆಚ್ಚಗಿತ್ತು. ನನಗೆ ಅಳು ಬಂತು, ಜೊತೆಗೇ ನಗುವೂ ಬಂತು; ಉಳ್ಳಾಗಡ್ಡಿಯ ಮೇಲೆ ಹಾಕಿ ಎರಡನ್ನೂ ಒರೆಸಿಕೊಂಡೆ.

ಆ ಊಟದ ಬಗ್ಗೆ ಏನು ಹೇಳಲಿ! ಕೆಂಡದ ಮೇಲೆ ಉಬ್ಬಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆ ಕಟ್ಟಿದ ಮೊಸರು. ಸಂತೆಯ ದಿನ ಹುಡುಗರು ಕಾಯಿಪಲ್ಲೆ ತಂದುಹಾಕುತ್ತಿದ್ದರು, ಹಳ್ಳಿಗೆ ಹೋಗಿ ಬಂದವರು ಹಿಟ್ಟು ತರುತ್ತಿದ್ದರು, ಬೇಯಿಸುವುದಕ್ಕೆ ಎಲ್ಲರ ಕೈಯೂ ಇತ್ತು. ಉಂಡಾದ ಮೇಲೆ ಇಸ್ಪೀಟು ಬಂತು. ನೀಲಗಂಗವ್ವನ ಗಂಡ ಅಡಿವೆಪ್ಪ ಬಾಯಿಬಿಟ್ಟು ಒಂದು ಮಾತಾಡದ ಮನುಷ್ಯ, ಎಲೆ ಕೈಗೆ ಬಂದರೆ ರಾಕ್ಷಸ. ಮಂದಾ ಅವನನ್ನೇ ಮೋಸದಿಂದ ಸೋಲಿಸಿ, ಸಿಕ್ಕಿಬಿದ್ದು, ಅವನ ಬಾಯಿಂದ "ಕಳ್ಳಿ!" ಎಂಬ ಮಾತು ಹೊರಡಿಸಿದಳು. ಅಡಿವೆಪ್ಪ ಮಾತಾಡಿದನೆಂದು ಪಡಸಾಲೆಯೆಲ್ಲ ಚಪ್ಪಾಳೆ ತಟ್ಟಿತು. ರಾಚಯ್ಯ ಹಾಡಿದ. ದಾರಿಯಲ್ಲಿ ಹೋಗುತ್ತಿದ್ದವರಿಬ್ಬರು ಒಳಗೆ ಬಂದು ಕೂತರು. ಅವರನ್ನು ಯಾರೂ ಬನ್ನಿ ಎನ್ನಲಿಲ್ಲ. ನಮ್ಮ ಕಾಫಿ ಹೋಟೆಲಿನ ಮೂಲೆಯ ಮೇಜಿನಲ್ಲಿ ನಾನು ಅಷ್ಟು ನಕ್ಕದ್ದು ನನಗೆ ನೆನಪಿಲ್ಲ.

ಆದರೂ ಹಾಸ್ಟೆಲಿಗೆ ಮರಳುವಾಗ ನನ್ನ ಮನಸ್ಸು ತೂಗುತ್ತಲೇ ಇತ್ತು. ಹೊರಡುವಾಗ ನೀಲಗಂಗವ್ವ ಎಲ್ಲರೆದುರಿಗೇ, "ಹೋದ ವಾರ ಯಾಕವಾ ಅಳಕೋತ ಹೊಂಟಿದ್ದಿ?" ಎಂದು ಕೇಳಿಬಿಟ್ಟಿದ್ದಳು.

"ನೋಡಿದೆಯಾ?" ಎಂದೆ ಮಂದಾಗೆ. "ಇಲ್ಲಿ ಕಣ್ಣೀರು ಹಾಕಿದರೂ ಓಣಿಗೆಲ್ಲ ಗೊತ್ತಾಗತ್ತೆ."

ಮಂದಾ ಮೊದಲ ಬಾರಿ ಯೋಚಿಸಿ ಮಾತಾಡಿದಳು. "ಅದೇ ಕಣೇ ಲೆಕ್ಕ. ಅಲ್ಲಿ ನಾವು ಬೇಕಾದಾಗ ಸೇರ್ತೀವಿ, ಬೇಡವಾದಾಗ ಬಾಗಿಲು ಹಾಕ್ಕೋತೀವಿ. ಹೋದ ಸಲ ನನಗೆ ಜ್ವರ ಬಂದು ಮಲಗಿದ್ದಾಗ ನಮ್ಮ ದಂಡಿನವರು ಯಾರಿಗೂ ಗೊತ್ತೇ ಆಗಲಿಲ್ಲ. ಇಲ್ಲಿ ನಿನ್ನನ್ನ ಒಂಟಿಯಾಗಿರೋಕೆ ಬಿಡಲ್ಲ ಇವರು. ಅದನ್ನ ತಡ್ಕೊಳ್ತೀಯಾ, ಯೋಚನೆ ಮಾಡು."

ಯೋಚಿಸಿದೆ, ತೀರ್ಮಾನವಾಗಲಿಲ್ಲ. ಒಂದು ಸಂಜೆಯ ಖುಷಿಗೆ ಎರಡು ವರ್ಷ ಬರೆದುಕೊಡುವುದು ಹೇಗೆ? ಅಪ್ಪನಿಗೆ ಬರುತ್ತೇನೆಂದು ಹೇಳಿಯಾಗಿತ್ತು, ಟ್ರಂಕು ತುಂಬಿಯಾಗಿತ್ತು. ಮರುದಿನ ಮಧ್ಯಾಹ್ನ ನೀಲಗಂಗವ್ವನ ಮನೆಯಲ್ಲೇ ಹಬ್ಬದ ಹೋಳಿಗೆ ಊಟವಾಯಿತು. ಬೇಡ ಬೇಡವೆಂದರೂ ತುಪ್ಪ ಸುರಿದು ಸುರಿದು ಬಡಿಸಿದಳು. ಹಾಸ್ಟೆಲಿಗೆ ಹೋಗಿ ಟ್ರಂಕು ತೆಗೆದುಕೊಂಡು, ಆಚೆಯ ಹಿಡಿ ಮಂದಾ, ಈಚೆಯ ಹಿಡಿ ನಾನು, ಬಸ್‌ಸ್ಟ್ಯಾಂಡಿಗೆ ಹೊರಟೆವು. ಓಣಿಗೆ ಬರುವ ಹೊತ್ತಿಗೆ ಬಿಸಿಲು ಇಳಿದು ಬಾಗಿಲುಗಳು ತೆರೆದುಕೊಳ್ಳತೊಡಗಿದ್ದವು.

ನೀಲಗಂಗವ್ವ ಕಟ್ಟೆಯ ಮೇಲಿದ್ದಳು. ಟ್ರಂಕನ್ನು ನೋಡಿದಳು. ಹೋಗಬೇಡ ಎನ್ನಲಿಲ್ಲ, ಇರು ಎನ್ನಲಿಲ್ಲ. ಆ ಓಣಿಯಲ್ಲಿ ಹಾಗೆಲ್ಲ ಅನ್ನುವ ಪದ್ಧತಿ ಇಲ್ಲವಲ್ಲ. ತಾನೇ ಕೈಯಾರೆ ಬಡಿಸಿ ಇನ್ನೂ ಹೊತ್ತಾಗಿರಲಿಲ್ಲ, ನನ್ನ ಬಾಯಲ್ಲಿ ಏಲಕ್ಕಿಯ ರುಚಿ ಇನ್ನೂ ಇತ್ತು. ಆದರೂ ಸೆರಗು ಸರಿಮಾಡಿಕೊಂಡು ಅವಳು ಕೇಳಿದಳು:

"ಊಟಾತೇನವಾ?"

ಇಷ್ಟು ದಿನ ಸುಳ್ಳಾಗಿ ಹೇಳಿದ ಮಾತನ್ನು ಅಂದು ನಿಜವಾಗಿ ಹೇಳಬಹುದಿತ್ತು. ಹೇಳಿದ್ದರೆ ಬಸ್ಸು ಸಿಗುತ್ತಿತ್ತು. ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದಳು.

"ಇಲ್ಲರೀ, ಆಗಿಲ್ಲ" ಎಂದೆ. "ಇನ್ನೂ ಏನೂ ಆಗಿಲ್ಲ."

ಮಂದಾ ತನ್ನ ಕಡೆಯ ಹಿಡಿಯನ್ನು ಕೈಬಿಟ್ಟಳು. ಟ್ರಂಕು ಧಡ್ಡನೆ ನೆಲಕ್ಕೆ ಬಿತ್ತು. "ಅಯ್ಯೋ ಹುಚ್ಚಿ, ಹೊಟ್ಟೆ ಒಡೆದು ಸಾಯ್ತೀಯಲ್ಲೇ!" ಎಂದು ಕೂಗಿದಳು. ಆಮೇಲೆ ಅವಳಿಗೆ ಅರ್ಥವಾಯಿತು. ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿ, ಗಟ್ಟಿಯಾಗಿ ತಬ್ಬಿಕೊಂಡು, "ನಿಮ್ಮಪ್ಪನಿಗೆ ನಾನು ಹೇಳ್ತೀನಿ ಬಿಡು. ದೀಪಾವಳಿಗೆ ಊರು ಹಿಡಿಸಿತಂತೆ ಅಂತ" ಎಂದಳು. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಣಿಯುದ್ದಕ್ಕೂ ಓಡಿದಳು.

ನೀಲಗಂಗವ್ವ ಟ್ರಂಕಿನ ಒಂದು ಹಿಡಿ ಹಿಡಿದಳು, ಇನ್ನೊಂದನ್ನು ನಾನು ಹಿಡಿದೆ. ಹೊಸ್ತಿಲು ದಾಟುತ್ತಲೇ ಒಳಗಿನಿಂದ ಮಹಾದೇವಿ, "ಯಾರದು?" ಎಂದು ಕೂಗಿದಳು. ನೀಲಗಂಗವ್ವ, "ಯಾರಿಲ್ಲ, ನಮ್ಮಾಕಿನ" ಎಂದಳು.

ಸಾಲಿನ ಕೊನೆಯ ಮಣೆಯ ಮೇಲೆ ಬೆಕ್ಕು ಮತ್ತೆ ಬಂದು ಕೂತಿತ್ತು. ನನ್ನನ್ನು ನೋಡಿತು, ಟ್ರಂಕನ್ನು ನೋಡಿತು, ಮೈಮುರಿದು ಆಕಳಿಸಿತು. ಆಮೇಲೆ ಯಾರೂ ಎಬ್ಬಿಸದೆ ತಾನಾಗಿಯೇ ಇಳಿದು ಪಕ್ಕದಲ್ಲಿ ಕೂತುಕೊಂಡಿತು.